ಅರುಣೋದಯದ ಹೆಣ್ಣುಜಿಂಕೆ

(ಶತಮಾನೋತ್ಸವದ ಅಂಗವಾಗಿ ನಮ್ಮ ದೇವಾಲಯದಲ್ಲಿ ಜರುಗಿದ ಧ್ಯಾನಕೂಟದಲ್ಲಿ ನೀಡಿದ ಉಪನ್ಯಾಸದ ಪಾಠ)



ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ದೇವಾಲಯದ ಇತಿಹಾಸವನ್ನೋ ಹಿರಿಯರ ಸಾಹಸವನ್ನೋ ಕುರಿತು ನಾವು ಮಾತನಾಡುವೆವೆಂದು ತಾವು ನಿರೀಕ್ಷಿಸಿರಬಹುದು. ಆ ಕಾರ್ಯವನ್ನು ನಮಗಿಂತ ಬಲ್ಲವರು ಈ ಸಂಚಿಕೆಯ ಇತರ ಪುಟಗಳಲ್ಲಿ ನೆರವೇರಿಸಿದ್ದಾರೆ. ನಾವು ಇಂದು ಆಯ್ದುಕೊಂಡಿರುವುದು ಪವಿತ್ರ ಗ್ರಂಥದ ಒಂದೇ ಒಂದು ಪದವನ್ನು. ಅದು ಹೀಬ್ರೂ ಭಾಷೆಯ 'ಅಯ್ಯೆಲೆತ್' ಎಂಬ ಪದ. ಹೆಣ್ಣುಜಿಂಕೆ ಎಂಬುದೇ ಅದರ ಅರ್ಥ. ಇಷ್ಟು ದೊಡ್ಡ ಹಬ್ಬದಲ್ಲಿ ಇಷ್ಟು ಚಿಕ್ಕ ಪ್ರಾಣಿಯ ಮಾತೇಕೆ ಎಂದು ತಾವು ಕೇಳಬಹುದು. ಅದಕ್ಕೊಂದು ಕಾರಣವುಂಟು.

ನಾವು ಗುರುದೀಕ್ಷೆ ಪಡೆದ ಹೊಸದರಲ್ಲಿ, ಬೇರೊಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುಗಳಾಗಿದ್ದಾಗ, ಒಬ್ಬ ತಾಯಿಯ ಏಕೈಕ ಪುತ್ರನು ಜ್ವರದಿಂದ ತೀರಿಕೊಂಡನು. ಹದಿನೆಂಟರ ಪ್ರಾಯದ ಹುಡುಗ. ಮಣ್ಣುಮಾಡಿ ಬಂದ ಮೂರನೆಯ ವಾರಕ್ಕೆ ಗರಿಗಳ ಭಾನುವಾರ ಬಂದಿತು. ಅಂದಿನ ಬಲಿಪೂಜೆಯಲ್ಲಿ ಇಪ್ಪತ್ತೆರಡನೆಯ ಕೀರ್ತನೆಯನ್ನು ಹಾಡುವುದು ತಮಗೆಲ್ಲ ತಿಳಿದೇ ಇದೆ. ದೇವರು ತನ್ನನ್ನು ಏಕೆ ಕೈಬಿಟ್ಟರೆಂದು ಭಕ್ತನು ಮೊರೆಯಿಡುವ ಕೀರ್ತನೆ ಅದು. ಪೂಜೆ ಮುಗಿದ ಮೇಲೆ ಆ ತಾಯಿ ಗರಿಯನ್ನು ಕೈಯಲ್ಲಿ ಹಿಡಿದುಕೊಂಡೇ ಗುರುಮನೆಯ ಬಾಗಿಲಿಗೆ ಬಂದರು. "ಸ್ವಾಮಿ, ಈ ಮಾತನ್ನು ಯೇಸುಸ್ವಾಮಿಯೇ ಶಿಲುಬೆಯ ಮೇಲೆ ಹೇಳಿದರಲ್ಲವೇ? ಅವರನ್ನೇ ದೇವರು ಕೈಬಿಟ್ಟ ಮೇಲೆ ನನ್ನಂಥವಳು ಯಾರನ್ನು ಬೇಡಲಿ?" ಎಂದರು. ನಮಗೆ ತೋಚಿದ ನಾಲ್ಕು ಸಮಾಧಾನದ ಮಾತುಗಳನ್ನು ಆಡಿದೆವು. ಆ ಮಾತುಗಳು ಅವರನ್ನು ಮುಟ್ಟಲಿಲ್ಲವೆಂಬುದು ಅವರು ತಲೆತಗ್ಗಿಸಿ ಮೆಟ್ಟಿಲಿಳಿದು ಹೋದ ರೀತಿಯಿಂದಲೇ ನಮಗೆ ತಿಳಿಯಿತು. ಆ ಪ್ರಶ್ನೆ ಮಾತ್ರ ನಮ್ಮೊಡನೆಯೇ ಉಳಿಯಿತು. ಬಹುಕಾಲದ ನಂತರ ಅದೇ ಕೀರ್ತನೆಯ ತಲೆಬರಹದಲ್ಲಿರುವ ಈ ಹೆಣ್ಣುಜಿಂಕೆಯು ನಮಗೆ ದಾರಿ ತೋರಿಸಿತು. ಆ ದಾರಿಯಲ್ಲಿ ತಮ್ಮನ್ನೂ ಸ್ವಲ್ಪ ದೂರ ಕರೆದೊಯ್ಯಬೇಕೆಂಬುದೇ ಇಂದಿನ ನಮ್ಮ ಉದ್ದೇಶ.

ಮೊದಲು ಪದವನ್ನು ನೋಡೋಣ. ಹೀಬ್ರೂ ಭಾಷೆಯಲ್ಲಿ ಗಂಡುಜಿಂಕೆಗೆ 'ಅಯ್ಯಾಲ್' ಎಂದು ಹೆಸರು. ಹೆಣ್ಣಿಗೆ 'ಅಯ್ಯಾಲಾ' ಎಂದೂ 'ಅಯ್ಯೆಲೆತ್' ಎಂದೂ ಎರಡು ರೂಪಗಳಿವೆ. ಎರಳೆಯ ಜಾತಿಗೆ ಸೇರಿದ ಪ್ರಾಣಿಗೆ ಬೇರೆ ಹೆಸರುಂಟು, ಬಂಡೆಗಳ ಮೇಲೆ ನೆಗೆಯುವ ಕಾಡುಮೇಕೆಗೆ ಮತ್ತೊಂದು ಹೆಸರುಂಟು. ಆದ್ದರಿಂದ ಇಲ್ಲಿ ಹೇಳಿರುವುದು ಕವಲುಗೊಂಬಿನ ಜಿಂಕೆಯ ಕುಲವನ್ನೇ. ಆದರೆ ಕವಲುಗೊಂಬು ಗಂಡಿಗೆ ಮಾತ್ರ. ಹೆಣ್ಣಿಗೆ ಕೊಂಬಿಲ್ಲ. ಎದುರಿಸಿ ನಿಲ್ಲಲು ಅದಕ್ಕೆ ಆಯುಧವಿಲ್ಲ. ಚುರುಕಾದ ಕಿವಿ, ತಪ್ಪದೆ ನೆಲೆಯೂರುವ ಕಾಲು, ಇವೆರಡೇ ಅದರ ರಕ್ಷಣೆ. ಈ ಸಂಗತಿಯನ್ನು ದಯಮಾಡಿ ನೆನಪಿನಲ್ಲಿಟ್ಟುಕೊಳ್ಳಿರಿ. ಮುಂದೆ ಇದು ನಮಗೆ ಬೇಕಾಗುತ್ತದೆ.

ಪವಿತ್ರ ಗ್ರಂಥವು ಈ ಬಡಪ್ರಾಣಿಯನ್ನು ಎಷ್ಟು ಆದರದಿಂದ ಕಂಡಿದೆಯೆಂಬುದು ಆಶ್ಚರ್ಯಕರ. 'ಅಯ್ಯಾಲಾ' ಎಂಬ ರೂಪವು ಹಳೆಯ ಒಡಂಬಡಿಕೆಯಲ್ಲಿ ೮ ಕಡೆ ಬರುತ್ತದೆ. ಪಿತಾಮಹ ಯಕೋಬನು ಮರಣಶಯ್ಯೆಯಿಂದ ಮಕ್ಕಳನ್ನು ಹರಸುವಾಗ ನಫ್ತಾಲಿಯನ್ನು ಬಂಧನವಿಲ್ಲದೆ ಓಡುವ ಹೆಣ್ಣುಜಿಂಕೆಗೆ ಹೋಲಿಸುತ್ತಾನೆ. ಯೋಬನೊಡನೆ ಬಿರುಗಾಳಿಯೊಳಗಿಂದ ಮಾತನಾಡುವ ದೇವರು, ಹೆಣ್ಣುಜಿಂಕೆ ಮರಿ ಹಾಕುವುದನ್ನು ನೀನು ಕಂಡಿದ್ದೀಯಾ, ಅದರ ತಿಂಗಳುಗಳನ್ನು ಎಣಿಸಿದ್ದೀಯಾ ಎಂದು ಕೇಳುತ್ತಾರೆ. ಮಾನವರ ಕಣ್ಣಿಗೆ ಬೀಳದ ಕಾಡಿನ ಮರೆಯಲ್ಲಿ ಹೆರಿಗೆಯ ನೋವು ತಿನ್ನುವ ಆ ಜೀವದ ದಿನಗಳನ್ನು ಎಣಿಸುವವರು ದೇವರೇ ಎಂಬುದು ಅದರ ಇಂಗಿತ. ಇನ್ನು ಪ್ರವಾದಿ ಹಬಕ್ಕೂಕನು ತನ್ನ ಗ್ರಂಥದ ಕೊನೆಯಲ್ಲಿ ಅಂಜೂರವು ಚಿಗುರದಿದ್ದರೂ, ಹೊಲವು ಬೆಳೆ ಕೊಡದಿದ್ದರೂ, ಹಟ್ಟಿಯಲ್ಲಿ ದನಗಳಿಲ್ಲದೆ ಹೋದರೂ ದೇವರಲ್ಲಿ ಹರ್ಷಿಸುವೆನೆಂದು ಹೇಳಿ, ಅವರೇ ತನ್ನ ಕಾಲುಗಳನ್ನು ಜಿಂಕೆಯ ಕಾಲುಗಳಂತೆ ಮಾಡಿ ಎತ್ತರದ ಸ್ಥಳಗಳಲ್ಲಿ ನಡೆಯಿಸುವರೆಂದು ಮುಗಿಸುತ್ತಾನೆ. ಅಲ್ಲಿಯೂ ಮೂಲದಲ್ಲಿರುವುದು ಹೆಣ್ಣುಜಿಂಕೆಗಳ ಕಾಲುಗಳೇ. ಎಲ್ಲವೂ ಬರಿದಾದಾಗ ಪ್ರವಾದಿಯು ಬೇಡುವುದು ಕೊಂಬಿನ ಬಲವನ್ನಲ್ಲ, ಜಾರದ ಹೆಜ್ಜೆಯನ್ನು.

ನಮಗೆ ಚಿರಪರಿಚಿತವಾದ ನಲವತ್ತೆರಡನೆಯ ಕೀರ್ತನೆಯನ್ನು ಇಲ್ಲಿ ಸ್ಮರಿಸದಿರಲಾಗದು. ದೇವಾಲಯದಿಂದ ದೂರ, ಜೋರ್ಡನ್ ಮತ್ತು ಹೆರ್ಮೋನ್ ಸೀಮೆಯಲ್ಲಿ ಇರುವ ಭಕ್ತನೊಬ್ಬನು, ನಿನ್ನ ದೇವರೆಲ್ಲಿ ಎಂದು ಜನರು ದಿನವೂ ಕೆಣಕುತ್ತಿರಲು, ತನ್ನ ಆತ್ಮವನ್ನು ನೀರಿಗಾಗಿ ತವಕಿಸುವ ಜಿಂಕೆಗೆ ಹೋಲಿಸಿಕೊಳ್ಳುತ್ತಾನೆ. ಅಲ್ಲಿ ಇಂದಿನ ಹೀಬ್ರೂ ಪ್ರತಿಗಳಲ್ಲಿ ನಾಮಪದವು ಪುಲ್ಲಿಂಗದ 'ಅಯ್ಯಾಲ್' ಆಗಿದ್ದರೂ ಅದರ ಕ್ರಿಯಾಪದ 'ತಅರೋಗ್' ಸ್ತ್ರೀಲಿಂಗದಲ್ಲಿದೆ. ಪ್ರತಿಮಾಡುವಾಗ 'ತಾವ್' ಎಂಬ ಒಂದು ಅಕ್ಷರವು ಬಿಟ್ಟುಹೋಗಿದ್ದು, ಮೊದಲು ಅಲ್ಲಿ 'ಅಯ್ಯೆಲೆತ್' ಎಂದೇ ಇದ್ದಿರಬೇಕೆಂದು ಹಲವು ಪಂಡಿತರು ಅಭಿಪ್ರಾಯಪಡುತ್ತಾರೆ. ಆತ್ಮವೆಂಬ ಪದವೂ ಹೀಬ್ರೂವಿನಲ್ಲಿ ಸ್ತ್ರೀಲಿಂಗವೇ. ಆದಕಾರಣ ಜಿಂಕೆಗೂ ಆತ್ಮಕ್ಕೂ ಒಂದೇ ಕ್ರಿಯಾಪದವು ಒಂದೇ ರೂಪದಲ್ಲಿ ಒಪ್ಪುತ್ತದೆ. ನಮ್ಮ ಕನ್ನಡದಲ್ಲಿಯಾದರೋ ಪ್ರಾಣಿಗಳಿಗೆ ನಪುಂಸಕಲಿಂಗದ ಕ್ರಿಯಾಪದವೇ ಸಲ್ಲುವುದರಿಂದ, ಜಿಂಕೆ ಹಂಬಲಿಸುತ್ತದೆ ಎಂದೊಡನೆ ಅದು ಹೆಣ್ಣೆಂಬ ಸಂಗತಿ ಮರೆಯಾಗುತ್ತದೆ. ಇದು ಅನುವಾದಕರ ದೋಷವಲ್ಲ, ಭಾಷೆಗಳ ಸ್ವಭಾವ.

ಆ ಕ್ರಿಯಾಪದವೂ ಅಪೂರ್ವವಾದದ್ದು. ಈ ವಚನವನ್ನು ಬಿಟ್ಟರೆ ಅದು ಪ್ರವಾದಿ ಯೋವೇಲನ ಗ್ರಂಥದಲ್ಲಿ ಮಾತ್ರ, ತೊರೆಗಳು ಬತ್ತಿದಾಗ ಕಾಡುಮೃಗಗಳು ದೇವರತ್ತ ಮೊರೆಯಿಡುವ ಸಂದರ್ಭದಲ್ಲಿ, ಬರುತ್ತದೆ. ಸಂತ ಜೆರೋಮರು ಹೀಬ್ರೂವಿನಿಂದ ನೇರವಾಗಿ ಲತೀನಿಗೆ ಮಾಡಿದ ಕೀರ್ತನೆಗಳ ಅನುವಾದದಲ್ಲಿ ಈ ಜಿಂಕೆಯೇ ಕಾಣೆಯಾಗಿ ಅದರ ಸ್ಥಳದಲ್ಲಿ ನೀರು ಹಾಯಿಸಲು ಅಣಿಮಾಡಿದ ತೋಟದ ಪಾತಿ ಕಾಣಿಸಿಕೊಳ್ಳುತ್ತದೆ! ಪಾತಿ ಎಂಬರ್ಥದ ಹೀಬ್ರೂ ಪದವು ಈ ಕ್ರಿಯಾಪದದಂತೆಯೇ ಧ್ವನಿಸುವುದೇ ಅದಕ್ಕೆ ಕಾರಣ. ಆದರೆ ಧರ್ಮಸಭೆಯು ಜಿಂಕೆಯನ್ನು ಬಿಟ್ಟುಕೊಡಲಿಲ್ಲ. ಜ್ಞಾನಸ್ನಾನದ ಕೊಳದತ್ತ ಧಾವಿಸುವವರ ದನಿಯೇ ಈ ಕೀರ್ತನೆಯೆಂದು ಸಂತ ಆಗಸ್ಟೀನರು ವಿವರಿಸಿದರು. ಇಂದಿಗೂ ಪಾಸ್ಖ ಜಾಗರಣೆಯ ರಾತ್ರಿ ಇದನ್ನು ಹಾಡುತ್ತೇವೆ. ರೋಮ್ ನಗರದ ಸಂತ ಕ್ಲೆಮೆಂಟರ ದೇವಾಲಯದಲ್ಲಿ, ೧೨ನೆಯ ಶತಮಾನದ ಬಣ್ಣಗಲ್ಲಿನ ಚಿತ್ರವೊಂದರಲ್ಲಿ, ಶಿಲುಬೆಯ ಬುಡದಿಂದ ಹೊಮ್ಮುವ ತೊರೆಗಳಲ್ಲಿ ಜಿಂಕೆಗಳು ನೀರು ಕುಡಿಯುತ್ತಿವೆ.

ಶಿಲುಬೆಯ ಬುಡಕ್ಕೆ ಬಂದು ತಲುಪಿದೆವು. ಇನ್ನು 'ಅಯ್ಯೆಲೆತ್' ಎಂಬ ರೂಪವನ್ನೇ ಹಿಡಿದು ಮುಂದುವರಿಯೋಣ. ಇಂದು ನಮ್ಮ ಕೈಯಲ್ಲಿರುವ ಹೀಬ್ರೂ ಗ್ರಂಥದಲ್ಲಿ ಈ ರೂಪವು ಬರುವುದು ಮೂರೇ ಮೂರು ಕಡೆ. ಆ ಮೂರನ್ನೂ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಧ್ಯಾನಿಸಿದರೆ ಒಂದು ದೊಡ್ಡ ಸತ್ಯವು ಗೋಚರವಾಗುತ್ತದೆ.

ಮೊದಲನೆಯದು ಜ್ಞಾನೋಕ್ತಿಗಳ ಗ್ರಂಥದ ಐದನೆಯ ಅಧ್ಯಾಯ. ತಂದೆಯು ಮಗನಿಗೆ ದಾಂಪತ್ಯನಿಷ್ಠೆಯನ್ನು ಬೋಧಿಸುತ್ತಾ, ಯೌವನದಲ್ಲಿ ಕೈಹಿಡಿದ ಪತ್ನಿಯನ್ನು ಪ್ರೀತಿಯ ಹೆಣ್ಣುಜಿಂಕೆಯೆಂದು ಕರೆಯುತ್ತಾನೆ. ಇಲ್ಲಿ ಈ ಪದವು ಒಲವಿನ ಹೆಸರು.

ಎರಡನೆಯದು ಪ್ರವಾದಿ ಯೆರೆಮೀಯನ ಹದಿನಾಲ್ಕನೆಯ ಅಧ್ಯಾಯ. ಯೆಹೂದ ನಾಡಿನಲ್ಲಿ ಭೀಕರವಾದ ಬರ. ಶ್ರೀಮಂತರು ಆಳುಗಳನ್ನು ನೀರಿಗೆ ಅಟ್ಟುತ್ತಾರೆ. ತೊಟ್ಟಿಗಳಲ್ಲಿ ನೀರಿಲ್ಲದೆ ಅವರು ಬರಿಗೊಡಗಳೊಡನೆ ತಲೆ ಮುಚ್ಚಿಕೊಂಡು ಹಿಂದಿರುಗುತ್ತಾರೆ. ನೆಲ ಬಿರುಕುಬಿಟ್ಟಿದೆ. ಆಗ ಪ್ರವಾದಿಯ ಕಣ್ಣಿಗೆ ಬೀಳುವುದು ಅಡವಿಯ ಒಂದು ಹೆಣ್ಣುಜಿಂಕೆ. ಅದು ಆಗತಾನೆ ಈದಿದೆ. ಆದರೆ ಹುಲ್ಲಿಲ್ಲದ ಕಾರಣ ಮರಿಯನ್ನು ಅಲ್ಲಿಯೇ ಬಿಟ್ಟುಹೋಗುತ್ತದೆ. ಮಮತೆಗೆ ಹೆಸರಾದ ಪ್ರಾಣಿಯೇ ಮರಿಯನ್ನು ತೊರೆಯುವಂತಾಯಿತೆಂದರೆ ಆ ಬರ ಎಂತಹದಿರಬೇಕು! ಪ್ರವಾದಿಯು ಜಿಂಕೆಯನ್ನು ಒಂದು ಮಾತಿನಿಂದಲೂ ಹಳಿಯುವುದಿಲ್ಲ. ಹುಲ್ಲಿರಲಿಲ್ಲ ಎಂದಷ್ಟೇ ಹೇಳಿ ಸುಮ್ಮನಾಗುತ್ತಾನೆ. ಇಲ್ಲಿ 'ತೊರೆಯಿತು' ಎಂಬುದಕ್ಕೆ ಮೂಲದಲ್ಲಿರುವ ಧಾತು 'ಅಜವ್'.

ಮೂರನೆಯದೇ ಇಪ್ಪತ್ತೆರಡನೆಯ ಕೀರ್ತನೆಯ ತಲೆಬರಹ: 'ಅಯ್ಯೆಲೆತ್ ಹಶ್ಶಹರ್'. ಅರುಣೋದಯದ ಹೆಣ್ಣುಜಿಂಕೆ ಎಂದು ಅರ್ಥ. ಅದರ ಕೆಳಗೆಯೇ, ಮೊರೆಯ ಮೊದಲ ವಾಕ್ಯದಲ್ಲಿಯೇ, ದೇವರು ತನ್ನನ್ನು ಏಕೆ ಕೈಬಿಟ್ಟರೆಂದು ಕೇಳುವ ಪದವೂ ಅದೇ 'ಅಜವ್' ಧಾತುವಿನಿಂದಲೇ ಬಂದದ್ದು. ಬರಗಾಲದ ಅಡವಿಯಲ್ಲಿ ಮರಿಗೆ ಒದಗಿದ ಗತಿಯನ್ನು ಹೇಳಿದ ಮಾತೇ ಭಕ್ತನ ನಾಲಗೆಯ ಮೇಲೂ ಇದೆ.

ಈ ತಲೆಬರಹದ ಅರ್ಥವೇನು? ಬಹುಮಂದಿ ವಿದ್ವಾಂಸರ ಪ್ರಕಾರ ಇದು ಒಂದು ಹಾಡಿನ ಮಟ್ಟು. ನಮ್ಮ ಹಳೆಯ ಗೀತೆಗಳ ಪುಸ್ತಕಗಳಲ್ಲಿ ಹಾಡಿನ ಮೇಲುಗಡೆ, ಇಂಥ ಹಾಡಿನ ಮಟ್ಟಿನಂತೆ ಎಂದು ಅಚ್ಚಾಗಿರುವುದಿಲ್ಲವೇ? ಹಾಗೆಯೇ ದೇವಾಲಯದ ಗಾಯಕರಿಗೆ ಗೊತ್ತಿದ್ದ ಒಂದು ಹಾಡಿನ ಹೆಸರು ಇಲ್ಲಿ ಉಳಿದಿದೆ. ಆ ರಾಗವು ಎಂದೋ ಮರೆತುಹೋಗಿದೆ. ಆದರೆ ಹೆಸರನ್ನು ಓದಿದವರು ಅದರ ಮೇಲೆ ಧ್ಯಾನಿಸುವುದನ್ನು ಬಿಡಲಿಲ್ಲ. ಕ್ರಿಸ್ತಪೂರ್ವದಲ್ಲಿಯೇ ಹಳೆಯ ಒಡಂಬಡಿಕೆಯನ್ನು ಗ್ರೀಕ್ ಭಾಷೆಗೆ ತಂದವರು ಇಲ್ಲಿ ಜಿಂಕೆಯನ್ನು ಕಾಣದೆ, ಮುಂಜಾನೆಯ ನೆರವು ಎಂದು ಬರೆದರು. ಅದೇ ಕೀರ್ತನೆಯ ಮಧ್ಯದಲ್ಲಿ, ಬೇಗನೆ ಬಂದು ಸಹಾಯಮಾಡೆಂದು ಬೇಡುವಾಗ, ದೇವರನ್ನು 'ಎಯಾಲೂತ್' ಅಂದರೆ ಬಲ ಎಂದು ಕರೆದಿದೆ. ಜಿಂಕೆಯ ಹೆಸರಿಗೂ ಈ ಪದಕ್ಕೂ ಅಕ್ಷರಗಳ ಹೋಲಿಕೆಯಿದೆ. ಗ್ರೀಕಿನಿಂದ ಲತೀನಿಗೆ ಬಂದ ಅರ್ಥವನ್ನೇ ಪಾಶ್ಚಾತ್ಯ ಧರ್ಮಸಭೆಯು ಶತಮಾನಗಳ ಕಾಲ ಪ್ರಾರ್ಥಿಸಿತು. ಸಂತ ಜೆರೋಮರು ತಮ್ಮ ಹೀಬ್ರೂ ಮೂಲದ ಅನುವಾದದಲ್ಲಿ ಮುಂಜಾನೆಯ ಜಿಂಕೆಯನ್ನು ಮರಳಿ ತಂದರು. ನಲವತ್ತೆರಡರಲ್ಲಿ ಜಿಂಕೆಯನ್ನು ಕಳೆದವರೇ ಇಪ್ಪತ್ತೆರಡರಲ್ಲಿ ಅದನ್ನು ಹಿಂದಿರುಗಿಸಿದರೆಂಬುದು ಸಂತೋಷದ ಮಾತು.

ಈಗ ಕೀರ್ತನೆಯ ಒಳಗನ್ನು ನೋಡಿರಿ. ಬಾಷಾನಿನ ಬಲಿಷ್ಠ ಗೂಳಿಗಳು ಸುತ್ತುವರಿದಿವೆ. ಗರ್ಜಿಸುವ ಸಿಂಹವಿದೆ. ನಾಯಿಗಳ ಹಿಂಡಿದೆ. ಕಾಡುಕೋಣಗಳ ಕೊಂಬುಗಳಿವೆ. ಎಲ್ಲೆಲ್ಲಿಯೂ ಹಲ್ಲು, ಉಗುರು, ಕೊಂಬು. ಇವೆಲ್ಲದರ ಮೇಲೆ, ತಲೆಬರಹದಲ್ಲಿ, ಕೊಂಬಿಲ್ಲದ ಒಂದೇ ಒಂದು ಪ್ರಾಣಿಯ ಹೆಸರಿದೆ. ಕಲ್ವಾರಿ ಬೆಟ್ಟದ ಚಿತ್ರವನ್ನು ಇದಕ್ಕಿಂತ ಸಂಕ್ಷೇಪವಾಗಿ ಯಾರು ತಾನೇ ಬರೆದಾರು? ಆಯುಧಧಾರಿಗಳಾದ ಸೈನಿಕರ ಮಧ್ಯೆ, ಅಣಕಿಸುವವರ ಮಧ್ಯೆ, ನಿರಾಯುಧರಾದ ಪ್ರಭು ಯೇಸು ಇದೇ ಕೀರ್ತನೆಯ ಮೊದಲ ಮಾತನ್ನು ಅರಮಾಯಿಕ್ ಭಾಷೆಯಲ್ಲಿ ಕೂಗಿದರೆಂದು ಸಂತ ಮಾರ್ಕರ ಶುಭಸಂದೇಶವು ತಿಳಿಸುತ್ತದೆ.

ಆ ತಾಯಿಯ ಪ್ರಶ್ನೆಗೆ ಇಲ್ಲಿ ಬಂದು ನಿಲ್ಲೋಣ. ದೇವರು ಯೇಸುವನ್ನು ಕೈಬಿಟ್ಟರೇ? ಬರಗಾಲದ ಜಿಂಕೆಗೂ ಪರಮಪಿತರಿಗೂ ಒಂದು ಮೂಲಭೂತವಾದ ಭೇದವುಂಟು. ಜಿಂಕೆಗೆ ಹುಲ್ಲು ಸಾಲದೆ ಹೋಯಿತು. ದೇವರ ಪ್ರೀತಿಗೆ ಬರವಿಲ್ಲ. ಹೆತ್ತ ತಾಯಿ ಮರೆತರೂ ತಾನು ಮರೆಯೆನೆಂದು ಪ್ರವಾದಿ ಯೆಶಾಯನ ಬಾಯಿಂದ ನುಡಿದವರು ಅವರೇ. ಹಾಗಾದರೆ ಆ ಕೂಗು ಸುಳ್ಳೇ? ಖಂಡಿತ ಅಲ್ಲ. ಯೇಸು ನಾಟಕವಾಡಲಿಲ್ಲ. ಜಗತ್ತಿನಲ್ಲಿ ಬರಗಾಲದ ಅಡವಿಯಲ್ಲಿ ಬಿಟ್ಟುಹೋದ ಮರಿಗಳೆಷ್ಟೋ, ಮಗನನ್ನು ಮಣ್ಣಿಗಿಟ್ಟ ತಾಯಂದಿರೆಷ್ಟೋ, ಅವರೆಲ್ಲರ ಸ್ಥಳದಲ್ಲಿ ಅವರು ನಿಂತರು. ಆ ಮರಿಗೆ ಬಾಯಿದ್ದರೆ ಏನನ್ನು ಕೇಳುತ್ತಿತ್ತೋ ಅದನ್ನೇ ಅವರು ಕೇಳಿದರು. ಕೈಬಿಟ್ಟವರೆಂದು ತೋರಿದಾಗಲೂ ನನ್ನ ದೇವರೆಂದೇ ಕರೆದರು. ಕೈಬಿಡಲ್ಪಟ್ಟೆನೆಂದು ಅಳುವುದು ಅವಿಶ್ವಾಸವಲ್ಲ. ಅದು ಪ್ರಾರ್ಥನೆಯೇ. ಏಕೆಂದರೆ ದೇವಪುತ್ರರೇ ಅದನ್ನು ಪ್ರಾರ್ಥಿಸಿದ್ದಾರೆ.

ಮತ್ತು ಆ ಕೀರ್ತನೆಯು ಅಳುವಿನಲ್ಲಿ ಕೊನೆಗೊಳ್ಳುವುದಿಲ್ಲ. ಕಾಡುಕೋಣಗಳ ಕೊಂಬಿನ ನಡುವಿನಿಂದಲೇ ಉತ್ತರ ದೊರೆತಂತೆ ದನಿ ಒಮ್ಮೆಲೇ ತಿರುಗುತ್ತದೆ. ದೀನನ ಸಂಕಟವನ್ನು ದೇವರು ತಿರಸ್ಕರಿಸಲಿಲ್ಲ, ಮುಖವನ್ನು ಮರೆಮಾಡಲಿಲ್ಲ ಎಂದು ಭಕ್ತನು ಮಹಾಸಭೆಯಲ್ಲಿ ಸಾರುತ್ತಾನೆ. ಬಡವರು ಉಂಡು ತೃಪ್ತರಾಗುವರೆನ್ನುತ್ತಾನೆ. ಇನ್ನೂ ಹುಟ್ಟದ ಜನಾಂಗಕ್ಕೂ ಈ ವಾರ್ತೆ ಮುಟ್ಟುವುದೆನ್ನುತ್ತಾನೆ. ತಲೆಬರಹದಲ್ಲಿ ಅರುಣೋದಯವೆಂದು ಇದ್ದದ್ದು ಸುಮ್ಮನೆ ಅಲ್ಲವೆಂದು ಆಗ ತೋರುತ್ತದೆ.

ಯೆಹೂದ್ಯರ ಪ್ರಾಚೀನ ಗ್ರಂಥವಾದ ಜೆರುಸಲೇಮಿನ ತಲ್ಮೂದಿನಲ್ಲಿ ಒಂದು ಪ್ರಸಂಗವಿದೆ. ಹಿಯ್ಯಾ ಮತ್ತು ಶಿಮೋನ್ ಬೆನ್ ಹಲಫ್ತಾ ಎಂಬ ಇಬ್ಬರು ಗುರುಗಳು ಮುಂಜಾವಿನಲ್ಲಿ ಅರ್ಬೇಲ್ ಕಣಿವೆಯಲ್ಲಿ ನಡೆದುಹೋಗುತ್ತಿದ್ದರು. ಆಗ ಕತ್ತಲನ್ನು ಸೀಳಿ ಮೂಡಿದ ಮೊದಲ ಬೆಳಕನ್ನು ಕಂಡರು. ಆ ಬೆಳಕಿಗೆ ಅವರ ಭಾಷೆಯಲ್ಲಿ ಅರುಣೋದಯದ ಹೆಣ್ಣುಜಿಂಕೆ ಎಂದೇ ಹೆಸರು. ಜನರ ಬಿಡುಗಡೆಯೂ ಹೀಗೆಯೇ, ಮೊದಲು ಸ್ವಲ್ಪಸ್ವಲ್ಪವಾಗಿ ಬರುತ್ತದೆ, ನಡೆನಡೆದಂತೆ ಹೆಚ್ಚುತ್ತದೆ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದರು. ಆ ಅರ್ಬೇಲ್ ಕಣಿವೆಯು ಗಲಿಲೇಯ ಸರೋವರದತ್ತ ತೆರೆದುಕೊಳ್ಳುವ ಕಡೆಯಲ್ಲಿಯೇ ಮಗ್ದಲ ಎಂಬ ಊರಿತ್ತು. ಮಗ್ದಲದ ಮರಿಯಳು ಬಾಲ್ಯದಿಂದ ಕಂಡಿರಬಹುದಾದ ಬೆಳಕು ಅದೇ. ಪುನರುತ್ಥಾನದ ದಿನ ಇನ್ನೂ ಕತ್ತಲಿರುವಾಗಲೇ ಸಮಾಧಿಯತ್ತ ಹೊರಟವಳು ಅವಳೇ. ಕೀರ್ತನೆಯ ತಲೆಬರಹವು ಅವಳನ್ನು ಕುರಿತು ಬರೆದದ್ದೆಂದು ನಾವು ಹೇಳುತ್ತಿಲ್ಲ. ಅದು ಪಾಂಡಿತ್ಯವಾಗದು, ಧ್ಯಾನ ಮಾತ್ರ. ಆದರೆ ನಿರಾಯುಧಳಾದ ಒಬ್ಬ ಸ್ತ್ರೀ, ಅಳುತ್ತಾ, ಬೆಳಕು ಹರಿಯುವ ಮೊದಲೇ, ಎಲ್ಲ ಮುಗಿಯಿತೆಂದು ತೋರಿದ ಸ್ಥಳಕ್ಕೆ ಬಂದಳು; ಅವಳಿಗೇ ಪ್ರಭು ಮೊದಲು ಹೆಸರು ಹಿಡಿದು ಕರೆದರು ಎಂಬುದನ್ನು ಸಂತ ಯೊವಾನ್ನರ ಶುಭಸಂದೇಶದಲ್ಲಿ ಓದುವಾಗ ನಮಗೆ ಆ ಜಿಂಕೆಯ ನೆನಪಾಗದಿರದು.

ಪ್ರಿಯ ಬಂಧುಗಳೇ, ಒಂದು ನೂರು ವರ್ಷಗಳ ಆಯುಸ್ಸಿನಲ್ಲಿ ಈ ಧರ್ಮಕೇಂದ್ರವೂ ಹಬ್ಬಗಳನ್ನು ಮಾತ್ರ ಕಂಡಿಲ್ಲ. ಈ ಗೋಡೆಗಳ ನಡುವೆ ನಾಮಕರಣದ ಮಕ್ಕಳ ಅಳುವಿನಂತೆಯೇ ಶವಪೆಟ್ಟಿಗೆಯ ಮುಂದಿನ ಅಳುವೂ ಕೇಳಿಬಂದಿದೆ. ಅವೆರಡಕ್ಕೂ ಇಲ್ಲಿ ಸ್ಥಳವಿತ್ತೆಂಬುದೇ ಈ ದೇವಾಲಯದ ನಿಜವಾದ ಹಿರಿಮೆ. ಸಂತ ಆಗಸ್ಟೀನರು ಜಿಂಕೆಯ ಕೀರ್ತನೆಯನ್ನು ವಿವರಿಸುವಾಗ, ತಮ್ಮ ಕಾಲದಲ್ಲಿ ಜನರು ಹೇಳುತ್ತಿದ್ದ ಒಂದು ಸಂಗತಿಯನ್ನು ಉಲ್ಲೇಖಿಸುತ್ತಾರೆ. ಜಿಂಕೆಗಳು ನೀರನ್ನು ಈಜಿ ದಾಟುವಾಗ ಸಾಲಾಗಿ ಸಾಗುತ್ತವೆಯಂತೆ. ಹಿಂದಿನದು ತನ್ನ ತಲೆಯ ಭಾರವನ್ನು ಮುಂದಿನದರ ಮೇಲಿಡುತ್ತದೆಯಂತೆ. ಮುಂದಾಳು ದಣಿದರೆ ಸಾಲಿನ ಕೊನೆಗೆ ಬಂದು ತಾನೂ ಒರಗಿಕೊಳ್ಳುತ್ತದೆಯಂತೆ. ಪ್ರಾಣಿಶಾಸ್ತ್ರಜ್ಞರು ಇದನ್ನು ಒಪ್ಪದಿರಬಹುದು. ಆದರೆ ಒಬ್ಬರ ಭಾರವನ್ನೊಬ್ಬರು ಹೊರುವುದೇ ಕ್ರಿಸ್ತರ ನಿಯಮವೆಂಬ ಸಂತ ಪೌಲರ ಮಾತಿಗೆ ಆಗಸ್ಟೀನರು ಇದನ್ನು ದೃಷ್ಟಾಂತವಾಗಿ ಕೊಟ್ಟರು. ಧರ್ಮಕೇಂದ್ರವೆಂದರೆ ಅಂತಹ ಸಾಲೇ ತಾನೇ?

ಆ ತಾಯಿಗೆ ನಾವು ಅಂದು ಈ ಯಾವುದನ್ನೂ ಹೇಳಲಾರದೆ ಹೋದೆವು. ಆದರೆ ಅವರ ನೆರೆಮನೆಯ ಇಬ್ಬರು ಹೆಣ್ಣುಮಕ್ಕಳು ಪಂಡಿತರನ್ನು ಕೇಳಲು ಹೋಗಲಿಲ್ಲ. ಆ ವರ್ಷವೆಲ್ಲ ಪ್ರತಿ ಮುಂಜಾನೆ ಅವರ ಬಾಗಿಲು ತಟ್ಟಿ, ಅವರನ್ನು ನಡುವೆ ಕರೆದುಕೊಂಡು, ಮೊದಲ ಪೂಜೆಗೆ ಬರುತ್ತಿದ್ದರು. ದೀಪದ ಬೆಳಕಿನಲ್ಲಿ ಮೂವರೂ ಒಂದೇ ಪೀಠದಲ್ಲಿ ಕುಳಿತಿರುವುದನ್ನು ನಾವು ಬಲಿಪೀಠದಿಂದ ಕಾಣುತ್ತಿದ್ದೆವು. ಮೊದಮೊದಲು ಆ ತಾಯಿ ತುಟಿ ಬಿಚ್ಚುತ್ತಿರಲಿಲ್ಲ. ಮುಂದಿನ ವರ್ಷದ ಗರಿಗಳ ಭಾನುವಾರ ಅದೇ ಕೀರ್ತನೆ ಬಂದಾಗ ಅವರು ಹಾಡಿದರು. ಕಣ್ಣೀರು ಸುರಿಯುತ್ತಿತ್ತು, ಆದರೂ ಹಾಡಿದರು. ನಮಗೆ ಸಾಲದ ಉತ್ತರವನ್ನು ಆ ಇಬ್ಬರು ನೆರೆಯವರು ದಿನಕ್ಕಷ್ಟಷ್ಟಾಗಿ ಕೊಟ್ಟಿದ್ದರು, ಮುಂಜಾವಿನ ಬೆಳಕಿನಂತೆ.

ಆದ್ದರಿಂದ ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ಈ ಧರ್ಮಕೇಂದ್ರದ ಜನರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ತಮ್ಮ ಬೀದಿಯಲ್ಲಿ ಇಂದು ಯಾರ ಮನೆಯಲ್ಲಿ ಬರವಿದೆಯೋ, ಯಾರು ಕೈಬಿಡಲ್ಪಟ್ಟೆನೆಂದು ಒಳಗೊಳಗೇ ಕೂಗುತ್ತಿದ್ದಾರೋ, ಅವರ ಬಾಗಿಲನ್ನು ನಾಳೆ ಮುಂಜಾನೆ ತಟ್ಟಿರಿ. ಉಪದೇಶ ಮಾಡಬೇಕಾಗಿಲ್ಲ. ಜೊತೆಯಲ್ಲಿ ನಡೆದುಬಂದರೆ ಸಾಕು.

ಅಡವಿಯ ಹೆಣ್ಣುಜಿಂಕೆಯ ತಿಂಗಳುಗಳನ್ನು ಎಣಿಸುವ ದೇವರು ನಮ್ಮೆಲ್ಲರ ದಿನಗಳನ್ನೂ ಎಣಿಸಿ ಕಾಯಲಿ. ಶಿಲುಬೆಯ ಮೇಲೆ ನಮ್ಮ ಕೂಗನ್ನು ತಮ್ಮದಾಗಿಸಿಕೊಂಡ ಕ್ರಿಸ್ತರು ನಮ್ಮ ಕಾಲುಗಳನ್ನು ಎತ್ತರದ ಸ್ಥಳಗಳಲ್ಲಿ ಸ್ಥಿರಪಡಿಸಲಿ. ಶಿಲುಬೆಯ ಬಳಿ ನಿಂತಿದ್ದ ಮಾತೆ ಮರಿಯಮ್ಮನವರು ಈ ಧರ್ಮಕೇಂದ್ರದ ಪ್ರತಿಯೊಂದು ಮನೆಗಾಗಿಯೂ ಪ್ರಾರ್ಥಿಸಲಿ.